ಸ್ವಇಚ್ಛೆಯಿಂದ

ಆಸ್ಪತ್ರೆಯ ಲಾಂಡ್ರಿಯಲ್ಲಿ ಮೊದಲು ಸಾಯುವುದು ಮೂಗು. ಆಮೇಲೆ ಕೈ.

ಅವಳು ಅಲ್ಲಿ ಹನ್ನೆರಡು ವರ್ಷದಿಂದ ಬೆಡ್‌ಶೀಟು ಒಗೆಯುತ್ತಿದ್ದಳು. ರಕ್ತ, ಕೀವು, ವಾಂತಿ, ಹೆರಿಗೆಯ ಕೊಳೆ, ಸಾಯುವವರು ಕೊನೆಗೆ ಬಿಟ್ಟುಹೋದದ್ದು, ಎಲ್ಲ ಬಟ್ಟೆಗೆ ಅಂಟಿಕೊಂಡು ಅವಳ ತೊಟ್ಟಿಗೇ ಬರುತ್ತಿತ್ತು. ರಕ್ತದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಉಜ್ಜಬೇಕು. ಬಿಸಿನೀರಿಗೆ ಹಾಕಿದರೆ ಕಲೆ ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಬ್ಲೀಚಿಂಗ್ ಪುಡಿ, ಆಮೇಲೆ ಯಂತ್ರ. ವರ್ಷಕ್ಕೊಂದು ಜೊತೆ ಕೈಗವಸು ಕೊಡುತ್ತಿದ್ದರು. ಅದು ಎರಡು ತಿಂಗಳಿಗೆ ತೂತು. ಉಳಿದ ಹತ್ತು ತಿಂಗಳು ಬೆರಳ ಸಂದಿಯ ಚರ್ಮ ಸುಲಿದು, ಒಣಗಿ, ಮತ್ತೆ ಸುಲಿಯುತ್ತಿತ್ತು. ಗಂಡ ಜ್ವರ ಬಂದು ಅದೇ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ಅವನ ಹಾಸಿಗೆಯ ಶೀಟನ್ನೂ ಮಾರನೆಯ ವಾರ ಅವಳೇ ಒಗೆದಿದ್ದಳು.

ಮಗಳು ಆ ಲಾಂಡ್ರಿಯಲ್ಲೇ ಬೆಳೆದಳು. ಮಡಚಿಟ್ಟ ಬಟ್ಟೆಯ ರಾಶಿಯ ಪಕ್ಕದಲ್ಲಿ ಕೂತು ವಾರ್ಡಿಗೆ ಹೋಗುವ ಶೀಟುಗಳನ್ನು ಎಣಿಸುವುದೇ ಅವಳ ಆಟ. ಐದು ವರ್ಷಕ್ಕೆ ಮುನ್ನೂರರವರೆಗೆ ತಪ್ಪಿಲ್ಲದೆ ಎಣಿಸಿದಳು. ಒಂದು ದಿನ ಮೇಸ್ತ್ರಿಯ ಪುಸ್ತಕದಲ್ಲಿ ಎರಡು ಶೀಟು ಹೆಚ್ಚು ಬರೆದಿದೆ ಎಂದು ಹೇಳಿ ಅವನ ಮುಖ ಕೆಂಪಾಗಿಸಿದಳು. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅವಳಿಗೆ 'ಮುನ್ನೂರು' ಎಂದೇ ಹೆಸರು ಬಿತ್ತು. ಓಣಿಯಲ್ಲೂ ಅದೇ, ಮನೆಯಲ್ಲೂ ಅದೇ.

ಮುನ್ನೂರು ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ಶಾಲೆಯಿಂದ ಕರೆ ಬಂತು. ಮುಂದಿನ ನಾಲ್ಕು ವರ್ಷಕ್ಕೆ ಯಾವ ಯಾವ ವಿಷಯ ಓದಬೇಕು, ಯಾವ ಚಟುವಟಿಕೆಗೆ ಸೇರಬೇಕು ಎಂದು ಈಗಲೇ ತೀರ್ಮಾನ ಆಗಬೇಕಂತೆ. ದೊಡ್ಡ ಕಾಲೇಜಿನವರು ನಾಲ್ಕು ವರ್ಷದ್ದನ್ನೂ ತಿರುವಿ ನೋಡುತ್ತಾರಂತೆ. ಅದನ್ನೆಲ್ಲ ನೋಡಿಕೊಳ್ಳುವುದಕ್ಕೆ ಶಾಲೆಯಲ್ಲಿ ಒಬ್ಬ ಮೇಡಂ ಇದ್ದರು. ಮಕ್ಕಳು ಅವರನ್ನು ಸಲಹೆ ಮೇಡಂ ಎನ್ನುತ್ತಿದ್ದರು.

ತಾಯಿ ಮೇಸ್ತ್ರಿಯ ಹತ್ತಿರ ಗೋಗರೆದು ಎರಡು ಗಂಟೆ ರಜೆ ಪಡೆದಳು. ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದಳು. ವಾಸನೆ ಹೋಗಲಿಲ್ಲ.

ಅವಳಿಗಿಂತ ಮುಂಚೆ ಅದೇ ಆಸ್ಪತ್ರೆಯ ಡಾಕ್ಟರೂ ಅವರ ಹೆಂಡತಿಯೂ ಮೇಡಂ ಕೋಣೆಯ ಒಳಗಿದ್ದರು. ಅವರ ಮಗಳೂ ಮುನ್ನೂರೂ ಒಂದೇ ಕ್ಲಾಸು. ಬಾಗಿಲ ಗಾಜಿನಲ್ಲಿ ಅವರು ಚಹಾ ಕುಡಿಯುತ್ತಿರುವುದು ಕಾಣುತ್ತಿತ್ತು. ಮೇಜಿನ ಮೇಲೆ ದೊಡ್ಡ ಹಾಳೆ ಹರಡಿಕೊಂಡು ಮೂವರೂ ತಲೆ ಹತ್ತಿರ ತಂದು ಮಾತಾಡುತ್ತಿದ್ದರು. ಮುಕ್ಕಾಲು ಗಂಟೆ ಆಯಿತು. ಅವಳು ಗೋಡೆಗೆ ಒರಗದೆ ನಿಂತೇ ಇದ್ದಳು. ಬಿಳಿ ಗೋಡೆ, ಕೊಳೆಯಾದೀತು ಎಂದು.

ಅವಳ ಸರದಿ ಬಂದಾಗ ಮೇಡಂ ಗಡಿಯಾರ ನೋಡಿಕೊಂಡರು. ಕೂರಿ ಎನ್ನಲಿಲ್ಲ.

"ನಿಮ್ಮ ಮಗಳು ಚುರುಕು, ಅದರಲ್ಲಿ ಎರಡು ಮಾತಿಲ್ಲ," ಎಂದರು. "ಮುಂದುವರಿದ ಗಣಿತ ಬೇಕು ಅಂತ ಬರೆದಿದ್ದಾಳೆ. ಅದು ಹುಡುಗಾಟ ಅಲ್ಲ ಅಮ್ಮಾ. ಮನೇಲಿ ಹೇಳ್ಕೊಡೋರು ಯಾರಿದ್ದಾರೆ?"

"ಯಾರೂ ಇಲ್ಲ ಮೇಡಂ. ಅವಳೇ ಓದ್ಕೋತಾಳೆ."

"ಅದನ್ನೇ ನಾನೂ ಹೇಳ್ತಿರೋದು. ಆಮೇಲೆ ಫೇಲಾಗಿ ಅಳೋದು ಬೇಡ. ಬದುಕಿನ ಗಣಿತ ಅಂತ ಇನ್ನೊಂದಿದೆ. ಅಳತೆ, ತೂಕ, ಅಂಗಡಿ ಲೆಕ್ಕ. ನಿಮ್ಮಂಥವರಿಗೆ ಉಪಯೋಗಕ್ಕೆ ಬರುತ್ತೆ."

"ಮುಂದೆ ಕಾಲೇಜಿಗೆ ತೊಂದ್ರೆ ಆಗಲ್ವಾ ಮೇಡಂ?"

"ಕಾಲೇಜು ಬೇಕಾದಷ್ಟಿವೆ," ಎಂದು ಮೇಡಂ ಹಾಳೆಯನ್ನು ಅವಳ ಕಡೆ ತಿರುಗಿಸಿದರು. ಪೆನ್ನಿನ ತುದಿಯಿಂದ ಒಂದು ಗೆರೆ ತೋರಿಸಿದರು. "ಇಲ್ಲಿ."

ಅವಳು ಸಹಿ ಹಾಕಿದಳು. ಮಗಳೇ ಕಲಿಸಿದ್ದ ಹೆಸರು. ಆ ನಾಲ್ಕಕ್ಷರ ಬಿಟ್ಟರೆ ಅವಳಿಗೆ ಬೇರೆ ಓದುಬರಹ ಇರಲಿಲ್ಲ. ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದೆನಲ್ಲ ಎಂದು ಒಳಗೊಳಗೇ ಹಿಗ್ಗಿದಳು. ಆ ಹಿಗ್ಗಿಗಾಗಿ ಅವಳು ಎಂದೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ಹೊರಗೆ ಮುನ್ನೂರು ಓಡಿ ಬಂದಳು. "ಯಾವುದು ಕೊಟ್ರಮ್ಮಾ?"

"ಬದುಕಿನ ಗಣಿತ ಅಂತೆ."

ಹುಡುಗಿ ಒಂದೇ ಉಸಿರಿಗೆ ಮೇಡಂ ಕೋಣೆಗೆ ಹೋದಳು. ಹೋದಷ್ಟೇ ಬೇಗ ತಿರುಗಿ ಬಂದಳು.

"ಏನಂದ್ರು?"

"ನಿಮ್ಮಮ್ಮನೇ ಸೈನ್ ಹಾಕಿದ್ದಾರಲ್ಲ, ನಾನೇನು ಮಾಡ್ಲಿ ಅಂದ್ರು."



ಮುನ್ನೂರು ಸುಮ್ಮನೆ ಕೂರುವ ಪೈಕಿ ಅಲ್ಲ. ಡಾಕ್ಟರ ಮಗಳಿಗೆ ಮುಂದುವರಿದ ಗಣಿತ ಸಿಕ್ಕಿತ್ತು, ಆದರೆ ತಲೆಗೆ ಹತ್ತುತ್ತಿರಲಿಲ್ಲ. ಕೆಟ್ಟ ಹುಡುಗಿಯೇನಲ್ಲ. ಊಟದ ಬಿಡುವಿನಲ್ಲಿ ಪುಸ್ತಕ ತಂದು ಮುನ್ನೂರಿನ ಮುಂದೆ ಇಡುತ್ತಿದ್ದಳು. ಇವಳು ಮೊದಲು ತಾನು ಓದಿ ಅರ್ಥ ಮಾಡಿಕೊಂಡು ಆಮೇಲೆ ಅವಳಿಗೆ ಹೇಳಿಕೊಡುತ್ತಿದ್ದಳು. ಭಾನುವಾರ ಲಾಂಡ್ರಿಯಲ್ಲಿ ಅಮ್ಮನ ಜೊತೆ ಕೂಲಿಗೆ ನಿಲ್ಲುತ್ತಿದ್ದಳು. ಬೆಳಿಗ್ಗೆ ಏಳರಿಂದ ಮೂರರವರೆಗೆ ಒದ್ದೆ ಶೀಟು ಎತ್ತಿ ತಂತಿಗೆ ಹಾಕಬೇಕು. ಬಟ್ಟೆಯ ಮೂಟೆಗೆ ಕಟ್ಟಿ ಬರುವ ರಟ್ಟಿನ ಚೀಟಿಗಳನ್ನು ಬಿಸಾಡದೆ ಜೇಬಿಗೆ ತುಂಬಿಕೊಂಡು ಬಂದು ಅದರ ಹಿಂದೆ ಲೆಕ್ಕ ಬಿಡಿಸುತ್ತಿದ್ದಳು. ಮುಂದುಗಡೆ 'ಹೆರಿಗೆ ವಾರ್ಡು', ಹಿಂದುಗಡೆ ಅಮ್ಮನಿಗೆ ತಲೆಬುಡ ತಿಳಿಯದ ಗೆರೆಗಳು. ಸಂಜೆ ಓಣಿಯ ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಗಣಿತ ಹೇಳಿಕೊಡುತ್ತಿದ್ದಳು.

"ಏ ಮುನ್ನೂರು, ನಿನ್ನ ತಲೆ ಬಿಸಿಯಲ್ಲೇ ಇಸ್ತ್ರಿ ಮಾಡಬಹುದು ಕಣೇ," ಎಂದು ಇಸ್ತ್ರಿ ಅಕ್ಕ ರೇಗಿಸುತ್ತಿದ್ದಳು. ಇಸ್ತ್ರಿ ಅಕ್ಕ ಲಾಂಡ್ರಿಯಲ್ಲಿ ಡಾಕ್ಟರುಗಳ ಕೋಟು ಒತ್ತುವವಳು. ಅವಳ ಮಗನೂ ಅದೇ ಶಾಲೆ, ಅವನಿಗೂ ಬದುಕಿನ ಗಣಿತ. ಕಿರಿ ಮಗಳು ಇನ್ನೂ ಐದನೇ ಕ್ಲಾಸಿನಲ್ಲಿದ್ದಳು.

ಹನ್ನೊಂದನೇ ಕ್ಲಾಸಿನ ವರ್ಷ ಒಂದು ಶನಿವಾರ ಮೇಸ್ತ್ರಿ ಬೆಳಿಗ್ಗೆಯೇ ಬಂದು ಕೂಗಾಡಿದ. "ಕೊಳೆ ಬುಟ್ಟಿ ಎಲ್ಲ ಹಿಂದಕ್ಕೆ ತಳ್ಳಿ. ನೆಲ ಒರೆಸಿ. ಫಿನಾಯಿಲ್ ಹಾಕಿ. ಶಾಲೆ ಮಕ್ಕಳು ಸೇವೆಗೆ ಬರ್ತಿದ್ದಾರೆ."

ನಾಲ್ಕು ಮಕ್ಕಳು ಬಂದರು. ಡಾಕ್ಟರ ಮಗಳೂ ಇದ್ದಳು. ಮೂಗಿಗೆ ಬಟ್ಟೆ, ಹೊಸ ನೀಲಿ ಕೈಗವಸು. ಜೊತೆಯಲ್ಲಿ ಸಲಹೆ ಮೇಡಂ, ಒಬ್ಬ ಫೋಟೋದವನು. ಒಗೆದು ಒಣಗಿಸಿದ ಶೀಟನ್ನೇ ಮತ್ತೆ ಬಿಚ್ಚಿ ಅವರ ಕೈಗೆ ಕೊಡಬೇಕೆಂದು ಮೇಸ್ತ್ರಿ ಹೇಳಿದ. ತಾಯಿ ಶೀಟಿನ ಒಂದು ತುದಿ ಹಿಡಿದಳು, ಡಾಕ್ಟರ ಮಗಳು ಇನ್ನೊಂದು ತುದಿ. ಮಡಚಿದರು. ಫೋಟೋದವನು ತಾಯಿಗೆ ಸ್ವಲ್ಪ ಹಿಂದಕ್ಕೆ ಸರಿ ಎಂದ. ಸರಿದಳು. ಇನ್ನೂ ಸ್ವಲ್ಪ ಎಂದ. ಇನ್ನೂ ಸರಿದಳು. ಬೆನ್ನು ಬಾಯ್ಲರಿನ ಬಿಸಿ ಕೊಳವೆಗೆ ತಾಗಿತು.

"ಆಂಟಿ, ಮುನ್ನೂರು ಬಂದಿಲ್ವಾ?" ಎಂದು ಡಾಕ್ಟರ ಮಗಳು ಕೇಳಿದಳು.

"ಅವಳು ನಾಳೆ ಬರ್ತಾಳೆ ಪುಟ್ಟಾ. ಕೆಲಸಕ್ಕೆ."

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಅವರು ಹೋದ ಮೇಲೆ ಬುಟ್ಟಿಗಳನ್ನು ಮತ್ತೆ ಎಳೆದು ತಂದರು. ಕೊಳೆ, ರಕ್ತ ಎಲ್ಲ ಒಣಗಿ ಗಟ್ಟಿಯಾಗಿತ್ತು. ಉಜ್ಜುವುದಕ್ಕೆ ಇಮ್ಮಡಿ ಹೊತ್ತು ಹಿಡಿಯಿತು.

ಕೊನೆಯ ವರ್ಷ ದೊಡ್ಡ ಕಾಲೇಜಿಗೆ ಅರ್ಜಿ ಹಾಕುವ ದಿನ ಬಂತು. ಅರ್ಜಿಯಲ್ಲಿ ಚಟುವಟಿಕೆ ಎಂದು ಒಂದು ಕಲಂ. ಮುನ್ನೂರು ಬರೆದಿದ್ದಳು: ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂರು ವರ್ಷ ಭಾನುವಾರದ ಕೆಲಸ. ಓಣಿಯ ಹನ್ನೊಂದು ಮಕ್ಕಳಿಗೆ ಗಣಿತ.

ಸಲಹೆ ಮೇಡಂ ಎರಡನ್ನೂ ಹೊಡೆದುಹಾಕಿದ್ದರು. ಮನೆಗೆ ಬಂದು ಮುನ್ನೂರು ಅವರ ಮಾತನ್ನು ಹಾಗೆಯೇ ಒಪ್ಪಿಸಿದಳು. "ಇದು ಚಟುವಟಿಕೆ ಅಲ್ಲಮ್ಮಾ, ಕೂಲಿ. ಇನ್ನೊಂದಕ್ಕೆ ಸರ್ಟಿಫಿಕೇಟ್ ಇಲ್ಲ."

"ಆ ಡಾಕ್ಟರ ಮಗಳು ಬಂದಿದ್ಲಲ್ಲ?"

"ಅದು ಸೇವೆ. ಅದಕ್ಕೆ ಸರ್ಟಿಫಿಕೇಟ್ ಇದೆ."

ಅವಳಿಗೆ ನಗು ಬಂತು. ನಕ್ಕಳು. ನಗುತ್ತ ನಗುತ್ತ ಕೆಮ್ಮು ಬಂದು ಕಣ್ಣಲ್ಲಿ ನೀರು ತುಂಬಿತು. ಮುನ್ನೂರು ನಗಲಿಲ್ಲ.

ಆದರೂ ಹುಡುಗಿ ಪ್ರವೇಶ ಪರೀಕ್ಷೆಗೆ ಕೂತಳು. ಗಣಿತದಲ್ಲಿ ಇಡೀ ಶಾಲೆಗೆ ಅವಳದೇ ಮೇಲು ಅಂಕ. ಕಾಲೇಜಿನಿಂದ ಪತ್ರ ಬಂತು. ಇಷ್ಟು ಅಂಕ ತೆಗೆದ ವಿದ್ಯಾರ್ಥಿನಿ ಶಾಲೆಯಲ್ಲಿ ಮುಂದುವರಿದ ಗಣಿತವನ್ನು ಒಂದು ವರ್ಷವೂ ಓದಿಲ್ಲವೇಕೆ? ಓದದವರನ್ನು ನಾವು ತೆಗೆದುಕೊಳ್ಳುವುದಿಲ್ಲ. ಶಾಲೆಯವರು ಕಾರಣ ಬರೆದು, ಮುದ್ರೆ ಒತ್ತಿ ಕಳಿಸಿದರೆ ಪರಿಶೀಲಿಸುತ್ತೇವೆ.

ತಾಯಿ ಮಗಳು ಇಬ್ಬರೂ ಶಾಲೆಗೆ ಹೋದರು. ಮೇಡಂ ಕೋಣೆಯ ಹೊರಗೆ ಗೋಡೆಯ ಮೇಲೆ ದೊಡ್ಡ ಫೋಟೋ ಹಾಕಿದ್ದರು. ಡಾಕ್ಟರ ಮಗಳು ಬಿಳಿ ಶೀಟು ಹಿಡಿದು ನಗುತ್ತಿದ್ದಳು. ಶೀಟಿನ ಇನ್ನೊಂದು ತುದಿಯಲ್ಲಿ ಎರಡು ಕೈ ಮಾತ್ರ ಇದ್ದವು, ಮೊಣಕೈವರೆಗೆ. ಆಮೇಲೆ ಚೌಕಟ್ಟು.

"ಕೆಳಗೆ ಏನು ಬರೆದಿದೆ?"

"ದುಡಿಮೆಯ ಘನತೆಯನ್ನು ಅರಿತ ನಮ್ಮ ಮಕ್ಕಳು," ಎಂದು ಮುನ್ನೂರು ಓದಿದಳು.

ಮೇಡಂ ಈ ಸಲ ಕೂರಿ ಎಂದರು. ಚಹಾ ತರಿಸಲೇ ಎಂದೂ ಕೇಳಿದರು. ಅವಳು ಕುರ್ಚಿಯ ಅಂಚಿನಲ್ಲಿ ಕೂತಳು.

"ಕಾಗದ ಸಿದ್ಧ ಮಾಡಿದ್ದೀನಿ," ಎಂದರು ಮೇಡಂ. "ನೀವೊಂದು ಸೈನ್ ಹಾಕಿದ್ರೆ ಇವತ್ತೇ ಕಳಿಸ್ತೀನಿ."

ಪೆನ್ನು ಕೈಗೆ ಬಂತು. ಅವಳು ಅದನ್ನು ಮೇಜಿನ ಮೇಲಿಟ್ಟಳು. "ಓದು," ಎಂದಳು ಮಗಳಿಗೆ.

ಮುನ್ನೂರು ಓದಿದಳು. "ಸದರಿ ವಿದ್ಯಾರ್ಥಿನಿಗೆ ಮುಂದುವರಿದ ಗಣಿತ ಓದಲು ಅವಕಾಶ ನೀಡಲಾಗಿತ್ತು. ಆದರೆ ಆಕೆಯ ತಾಯಿಯು ಮನೆಯ ಪರಿಸ್ಥಿತಿಯನ್ನು ಮನಗಂಡು, ಸ್ವಇಚ್ಛೆಯಿಂದ, ಮಗಳಿಗೆ ಬದುಕಿನ ಗಣಿತವನ್ನು ಆರಿಸಿರುತ್ತಾರೆ."

"ಸ್ವಇಚ್ಛೆ ಅಂದ್ರೆ?"

"ನೀನೇ ಬೇಕು ಅಂತ ಕೇಳಿದ್ದು ಅಂತ."

ಅವಳು ಮೇಡಂ ಕಡೆ ತಿರುಗಿದಳು.

"ನಾನು ಕೇಳಿದ್ನಾ ಮೇಡಂ?"

"ಅದು ಕಾಗದದ ಭಾಷೆ ಅಮ್ಮಾ. ಹಾಗೇ ಬರೀಬೇಕು. ಹುಡುಗಿಗೆ ಒಳ್ಳೇದಾಗೋದು ಬೇಡ್ವಾ?"

ಅವಳು ಮಗಳ ಮುಖ ನೋಡಿದಳು. ಮುನ್ನೂರು ತುಟಿ ಕಚ್ಚಿಕೊಂಡು ಮೇಜನ್ನೇ ನೋಡುತ್ತಿದ್ದಳು. ಅವಳು ಮತ್ತೆ ಪೆನ್ನು ಎತ್ತಿಕೊಂಡಳು. ಸುಳ್ಳಿಗೆ ಹೆದರುವ ಹೆಂಗಸಲ್ಲ ಅವಳು. ಈ ಮಗುವಿಗಾಗಿ ಮೇಸ್ತ್ರಿಗೆ, ಮನೆ ಮಾಲೀಕನಿಗೆ, ದೇವರಿಗೆ ಕೂಡ ಸುಳ್ಳು ಹೇಳಿದ್ದಳು. ಇದೊಂದು ಹೆಚ್ಚಲ್ಲ. ಪೆನ್ನಿನ ಮೂತಿ ಕಾಗದಕ್ಕೆ ತಾಗಿತು.

ಅಲ್ಲಿಯೇ ನಿಂತಿತು.

"ಮೇಡಂ, ನಮ್ಮ ಓಣಿಯಿಂದ ಹನ್ನೊಂದು ಮಕ್ಕಳು ಈ ಶಾಲೆಗೆ ಬರ್ತಾರೆ. ಒಂಬತ್ತನೇ ಕ್ಲಾಸು ದಾಟಿದವು ಆರು. ಆರಕ್ಕೂ ಬದುಕಿನ ಗಣಿತಾನೇ. ಆರು ಮನೆಯವರೂ ಬಂದು ನಿಮ್ಮ ಕಾಲು ಹಿಡ್ಕೊಂಡು ಅದೇ ಬೇಕು ಅಂದ್ರಾ?"

"ಅದೆಲ್ಲ ಈಗ್ಯಾಕೆ?"

"ಡಾಕ್ಟರಿಗೂ ಕೇಳಿದ್ರಾ ಮೇಡಂ, ಮನೇಲಿ ಹೇಳ್ಕೊಡೋರು ಯಾರಿದ್ದಾರೆ ಅಂತ? ಅವರ ಮಗಳಿಗೆ ಮೂರು ವರ್ಷ ಹೇಳ್ಕೊಟ್ಟಿದ್ದು ನನ್ನ ಮಗಳು."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ, ನಿಮ್ಮ ಒಳ್ಳೇದಕ್ಕೆ ಹೇಳ್ತಿದ್ದೀನಿ. ಮೊದಲು ಸೈನ್ ಹಾಕಿದ್ದೂ ನೀವೇ."

"ಹೌದು. ನಾನೇ. ನಿಮ್ಮನ್ನ ನಂಬಿ ಹಾಕ್ದೆ. ಓದಕ್ಕೆ ಬರ್ದೆ ಹಾಕ್ದೆ. ಇವತ್ತು ಓದಿಸ್ಕೊಂಡೆ." ಅವಳು ಮಗಳ ಕಡೆ ತಿರುಗಿದಳು. "ಆ ಮಾತು ಎಲ್ಲಿದೆ? ಬೆರಳಿಟ್ಟು ತೋರ್ಸು."

ಮುನ್ನೂರಿನ ಕೈ ಮೇಲೇಳಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಎದ್ದಿತು. ಬೆರಳು ಒಂದು ಪದದ ಮೇಲೆ ಕೂತಿತು.

ಅವಳು ಅದರ ಮೇಲೆ ಗೆರೆ ಎಳೆದಳು. ಕಲೆ ಉಜ್ಜುವ ಹಾಗೆ, ಒತ್ತಿ, ಎರಡು ಸಲ, ಮೂರು ಸಲ. ಕಾಗದ ಹರಿಯಿತು. ಅದರ ಕೆಳಗೆ ತನ್ನ ನಾಲ್ಕಕ್ಷರ ಬರೆದಳು.

"ಈಗ ಕಳಿಸಿ."

"ಏನ್ರೀ ಇದು? ಶಾಲೆಯ ಕಾಗದ ಇದು! ಇದನ್ನ ಹೇಗ್ರೀ ಕಳಿಸೋದು?"

"ಹಾಗಾದ್ರೆ ಬೇರೆ ಬರೀರಿ. ಹುಡುಗಿ ಕೇಳಿದ್ಲು, ನಾನು ಕೊಡ್ಲಿಲ್ಲ, ಅವಳಮ್ಮನಿಗೆ ಹೀಗೀಗೆ ಹೇಳಿ ಸೈನ್ ಹಾಕಿಸ್ಕೊಂಡೆ ಅಂತ. ಇಷ್ಟೇ. ಕೆಳಗೆ ನೀವು ಸೈನ್ ಹಾಕಿ. ಸ್ವಇಚ್ಛೆಯಿಂದ."

ಮೇಡಂ ಬರೆಯಲಿಲ್ಲ. ಅವಳು ಏಳಲಿಲ್ಲ. ಶಾಲೆಯ ಗಂಟೆ ಹೊಡೆಯಿತು, ಮಕ್ಕಳು ಮನೆಗೆ ಹೋದರು. ಜವಾನ ಬಂದು ಕಿಟಕಿ ಮುಚ್ಚಿದ. ಬಾಗಿಲಿಗೆ ಬೀಗ ಹಾಕಬೇಕು, ಏಳಿ ಎಂದ. ಎದ್ದರು.

ಕಾಗದ ಹೋಗಲೇ ಇಲ್ಲ. ಮುನ್ನೂರು ತಾನೇ ಎರಡು ಪುಟ ಬರೆದು ಕಾಲೇಜಿಗೆ ಕಳಿಸಿದಳು. ಶಾಲೆಯ ಮುದ್ರೆ ಇಲ್ಲದ ಪತ್ರವನ್ನು ಪರಿಗಣಿಸಲಾಗುವುದಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು. ಡಾಕ್ಟರ ಮಗಳಿಗೆ ಸೀಟು ಸಿಕ್ಕಿತು. ಓಣಿಯವರೆಗೂ ಕಾರಿನಲ್ಲಿ ಬಂದು, ಕೆಸರು ದಾಟಿ, ಸಿಹಿಯ ಡಬ್ಬಿ ಕೊಟ್ಟು ಮುನ್ನೂರನ್ನು ತಬ್ಬಿಕೊಂಡು ಅತ್ತಳು. "ನೀನಿಲ್ದಿದ್ರೆ ನನಗೆ ಗಣಿತ ಬರ್ತಾನೇ ಇರ್ಲಿಲ್ಲ ಕಣೇ," ಎಂದಳು. ಅದು ನಿಜವಾಗಿತ್ತು. ಅದಕ್ಕೇ ಕೇಳುವುದಕ್ಕೆ ಆಗುತ್ತಿರಲಿಲ್ಲ.

ಮುನ್ನೂರು ಒಂಬತ್ತು ದಿನ ಅಮ್ಮನ ಜೊತೆ ಮಾತಾಡಲಿಲ್ಲ. ಊಟ ಮಾಡಿದಳು, ಪಾತ್ರೆ ತೊಳೆದಳು, ಗೋಡೆ ಕಡೆ ತಿರುಗಿ ಮಲಗಿದಳು. ಹತ್ತನೇ ದಿನ ಬೆಳಿಗ್ಗೆ ನೀರು ಹಿಡಿಯುವಾಗ ಹೇಳಿದಳು.

"ನೀನು ಗೆರೆ ಎಳೆದಾಗ ನನಗೆ ನಿನ್ನ ಮೇಲೆ ಸಿಟ್ಟು ಬಂತಮ್ಮಾ."

"ಗೊತ್ತು."

"ಬೆರಳಿಟ್ಟು ತೋರಿಸಿದ್ದು ನಾನೇ. ಆದ್ರೂ ಬಂತು. ಈಗ್ಲೂ ಇದೆ."

"ಇರ್ಲಿ ಬಿಡು," ಎಂದಳು ತಾಯಿ. ಕೊಡ ತುಂಬಿ ಹರಿಯುತ್ತಿತ್ತು. ಇಬ್ಬರೂ ನಲ್ಲಿ ತಿರುಗಿಸಲಿಲ್ಲ.

ಊರಿನ ಸಣ್ಣ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಲ್ಲಿ ಅವಳಿಗೆ ಬೇಕಾದ ಗಣಿತ ಇರಲಿಲ್ಲ. ಬೆಳಿಗ್ಗೆ ಅಲ್ಲಿ ಹೋಗಿ ಇದ್ದದ್ದನ್ನು ಓದುತ್ತಿದ್ದಳು. ಮಧ್ಯಾಹ್ನ ಲಾಂಡ್ರಿಗೆ ಬರುತ್ತಿದ್ದಳು, ಈಗ ಭಾನುವಾರ ಮಾತ್ರವಲ್ಲ, ದಿನವೂ. ಮಗಳ ಕೈ ಈ ತೊಟ್ಟಿಗೆ ಇಳಿಯಬಾರದು ಎಂದು ಹನ್ನೆರಡು, ಹದಿಮೂರು, ಹದಿನಾರು ವರ್ಷ ತನ್ನ ಕೈ ಇಳಿಸಿದವಳು, ಒದ್ದೆ ಕಂಬಳಿಯನ್ನು ಮಣಿಕಟ್ಟು ಉಳುಕದ ಹಾಗೆ ಎತ್ತುವುದು ಹೇಗೆ ಎಂದು ಅದೇ ಮಗಳಿಗೆ ತೋರಿಸಿಕೊಟ್ಟಳು. "ಸೊಂಟದಿಂದ ಎತ್ತು. ಕೈಯಿಂದಲ್ಲ."

ಆ ವರ್ಷ ಇಸ್ತ್ರಿ ಅಕ್ಕನ ಕಿರಿ ಮಗಳು ಒಂಬತ್ತನೇ ಕ್ಲಾಸಿಗೆ ಬಂದಳು. ಶಾಲೆಯಿಂದ ಕರೆ ಬಂತು. ಇಸ್ತ್ರಿ ಅಕ್ಕ ಹೆದರಿ ಹೋದಳು. "ನೀವಿಬ್ರೂ ಬನ್ರೇ," ಎಂದು ತಾಯಿ ಮಗಳ ಕೈ ಹಿಡಿದುಕೊಂಡಳು.

ಮೂವರೂ ಕೆಲಸದ ಬಟ್ಟೆಯಲ್ಲೇ ಹೋದರು. ಸಲಹೆ ಮೇಡಂ ತಲೆ ಎತ್ತಿ ಮುನ್ನೂರನ್ನು ನೋಡಿದರು.

"ನೀನು ಆ ಹುಡುಗಿಗೆ ಏನಾಗ್ಬೇಕು?"

"ಲಾಂಡ್ರಿಯವಳು," ಎಂದಳು ಮುನ್ನೂರು. ಕುರ್ಚಿ ಎಳೆದು ಮೊದಲು ಇಸ್ತ್ರಿ ಅಕ್ಕನನ್ನು ಕೂರಿಸಿದಳು. ಹಾಳೆ ಎತ್ತಿಕೊಂಡು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. "ಅಕ್ಕನ ಮಗಳಿಗೆ ಮುಂದುವರಿದ ಗಣಿತ ಬೇಕು."

"ಅದು ಅವಳಿಗೆ ಕಷ್ಟ ಆಗುತ್ತೆ."

"ಹಾಗಂತ ಬರೆದುಕೊಡಿ ಮೇಡಂ. ಅವಳು ಕೇಳಿದ್ಲು, ಕಷ್ಟ ಆಗುತ್ತೆ ಅಂತ ನೀವು ಕೊಡ್ಲಿಲ್ಲ ಅಂತ. ಮುದ್ರೆ ಒತ್ತಿ."

ಮೇಡಂ ಪೆನ್ನು ತೆಗೆದು ಮುಂದುವರಿದ ಗಣಿತದ ಮುಂದೆ ಗುರುತು ಹಾಕಿದರು. ಒಂದು ಗೀಟು, ಅಷ್ಟೇ. ನೊಣ ಓಡಿಸುವಷ್ಟು ಹೊತ್ತು ಹಿಡಿಯಲಿಲ್ಲ.

ಹೊರಗೆ ಬಂದ ಕೂಡಲೇ ಇಸ್ತ್ರಿ ಅಕ್ಕ ಮುನ್ನೂರಿನ ಗಲ್ಲ ಹಿಡಿದು, ಅಳುತ್ತ ನಗುತ್ತ, ಏನೇನೋ ಹರಸಿದಳು. ತಾಯಿ ಬಾಗಿಲ ಹತ್ತಿರವೇ ನಿಂತುಬಿಟ್ಟಳು. ಇಷ್ಟೇನಾ ಎಂದುಕೊಂಡಳು. ಒಂದು ಮಾತು. ಬರೆದುಕೊಡಿ ಎಂಬ ಒಂದು ಮಾತು. ಅವತ್ತು ಅದೊಂದು ಅವಳ ಬಾಯಲ್ಲಿ ಇದ್ದಿದ್ದರೆ. ಇಷ್ಟು ಸಣ್ಣದಕ್ಕೆ ಹೋಯಿತೇ ಅಷ್ಟು ದೊಡ್ಡದು?

ಮುನ್ನೂರು ತಿರುಗಿ ನೋಡಿದಳು. ಅಮ್ಮನ ಮುಖದಲ್ಲಿ ಇದ್ದದ್ದು ಅವಳಿಗೆ ಕಂಡಿತು. ಅವಳಿಗೂ ಅದೇ ಹೊಳೆದಿತ್ತು. ಹತ್ತಿರ ಬಂದು ತೋಳು ಹಿಡಿದಳು.

"ನಡಿಯಮ್ಮಾ. ಮೇಸ್ತ್ರಿ ಬಯ್ತಾನೆ."

ಇಸ್ತ್ರಿ ಅಕ್ಕ ಮುಂದೆ ಹೋಗುತ್ತಿದ್ದಳು, ಮಗಳಿಗೆ ಹೇಳುವ ಅವಸರದಲ್ಲಿ, ಹೆಚ್ಚುಕಡಿಮೆ ಓಡುತ್ತ. ತಾಯಿ ಮಗಳು ಹಿಂದೆ ನಿಧಾನವಾಗಿ ನಡೆದರು. ಆಸ್ಪತ್ರೆಯ ಗೇಟಿನ ಹತ್ತಿರ ಬಂದಾಗ ಮುನ್ನೂರು ನಿಂತು, ಅಮ್ಮನ ಹೆಗಲಿಗೆ ಹಣೆ ಇಟ್ಟು, ಅಷ್ಟು ತಿಂಗಳಲ್ಲಿ ಮೊದಲ ಸಲ ಅತ್ತಳು. ಒಳಗಿಂದ ಮೇಸ್ತ್ರಿ ಕೂಗಿದ. ಇನ್ನೊಂದು ಸಲ ಕೂಗಿದ.

"ಕೂಗ್ಲಿ," ಎಂದಳು ತಾಯಿ. "ಅತ್ಕೋ."